ಒಂದೇ ಸಲ ಕೇಳಿದ್ದು

ಮೊನ್ನೆ ನಮ್ಮ ಬಾಸ್ ರಿಟೈರ್ ಆದರು. ಆಫೀಸಿನ ಕ್ಯಾಂಟೀನಿನಲ್ಲೇ ಬೀಳ್ಕೊಡುಗೆ. ಭಾಷಣ ಗೀಷಣ ಅಂದರೆ ಆಗದ ಮನುಷ್ಯ, ಆದರೂ ಹತ್ತು ನಿಮಿಷ ಮಾತಾಡಿದರು. ಇಷ್ಟು ವರ್ಷ ಕೈಕೆಳಗೆ ದುಡಿದವರಲ್ಲಿ ಒಬ್ಬನನ್ನು ಮಾತ್ರ ಬೇರೆಯಾಗಿ ನೆನೆಸಿಕೊಂಡರು. ಒಬ್ಬ ಚೀನಾದವನು. ಗ್ರೂಪ್ ಲೀಡ್ ಕೆಲಸ ಕೊಡುತ್ತೇನೆ ಅಂದಾಗ, ನನಗೆ ಅಷ್ಟು ಯೋಗ್ಯತೆ ಇಲ್ಲ ಅಂತ ಮುಖಕ್ಕೇ ಹೇಳಿದನಂತೆ. ತನ್ನ ಅಳತೆ ತಾನೇ ತಿಳಿದ ಅಂಥ ಪ್ರಾಮಾಣಿಕನನ್ನು ಆಮೇಲೆ ತಾವು ನೋಡಲೇ ಇಲ್ಲವಂತೆ. ಎಲ್ಲರೂ ಹೌದು ಹೌದು ಅಂತ ತಲೆಯಾಡಿಸಿದರು. ನಾನೂ ಆಡಿಸಿದೆ.

ಬಾಸ್ ಹೇಳಿದ್ದು ತಪ್ಪು. ಆ ದಿನ ಆ ರೂಮಿನಲ್ಲಿ ಇದ್ದದ್ದು ಮೂರೇ ಜನ: ಬಾಸ್, ಅವನು ಮತ್ತು ನಾನು. ಅವನು ಊರಿಗೆ ಹೋಗಿ ವರ್ಷಗಳಾದವು. ಹಾಗಾಗಿ ಅದು ತಪ್ಪು ಅಂತ ಹೇಳಲಿಕ್ಕೆ ಇಲ್ಲಿ ಉಳಿದವನು ನಾನೊಬ್ಬ. ಅವನ ಹೆಸರು ಬೇಡ. ಹೇಳಿದರೂ ನನ್ನ ಬಾಯಲ್ಲಿ ಅದು ಸರಿಯಾಗಿ ಹೊರಡುವುದಿಲ್ಲ ಅಂತ ಅವನೇ ನಗಾಡುತ್ತಿದ್ದ.

ಅವನದು ಶಾನ್‌ಡಾಂಗ್ ಪ್ರಾಂತ. ಶಾನ್‌ಡಾಂಗಿನ ಗಂಡಸರು ಅಂದರೆ ಉಳಿದ ಚೀನಾದವರಿಗೆ ಮೂರು ನೆನಪಾಗುತ್ತದಂತೆ: ಎತ್ತರ, ಹಟ, ಈರುಳ್ಳಿ. ಇದನ್ನು ಹೇಳಿದವನೂ ಅವನೇ. ಮೂರಕ್ಕೂ ಅವನಲ್ಲಿ ಸಾಕ್ಷಿ ಇತ್ತು. ಚೀನಾದವರೆಂದರೆ ಕುಳ್ಳರು ಅಂತ ಉಡುಪಿಯಿಂದ ಹೊತ್ತುಕೊಂಡು ಬಂದ ನನ್ನ ತಿಳುವಳಿಕೆ ಮೊದಲ ದಿನವೇ ಹೋಯಿತು. ಅವನು ಜರ್ಮನಿಯ ಬಾಗಿಲುಗಳಿಗೇ ತಲೆ ತಗ್ಗಿಸುವವ. ಮಧ್ಯಾಹ್ನ ಡಬ್ಬಿ ತೆರೆದರೆ ನಮ್ಮ ನೀರುದೋಸೆಯನ್ನು ಒಣಗಿಸಿಟ್ಟ ಹಾಗಿನ ಒಂದು ರೊಟ್ಟಿ, ಕಪ್ಪಗಿನ ಹುಳಿ ಬರಿಸಿದ ಕಾಳಿನ ಗೊಜ್ಜು, ಮೊಳದುದ್ದದ ಹಸಿ ಈರುಳ್ಳಿ ದಂಟು. ರೊಟ್ಟಿಯಲ್ಲಿ ಸುತ್ತಿ ಕರಕರ ಕಡಿಯುವುದು. ಯಾರೋ ವಾಸನೆ ಅಂದರು. ಮಾರನೇ ದಿನದಿಂದ ಹೊರಗೆ ಬೆಂಚಿನ ಮೇಲೆ ಕೂತು ತಿಂದ. ಹಿಮ ಬಿದ್ದಾಗಲೂ ಅಲ್ಲೇ. ಒಳಗೆ ಬಾ ಮಾರಾಯ, ಅವರು ಏನೂ ಅಂದುಕೊಳ್ಳುವುದಿಲ್ಲ ಅಂತ ಎಷ್ಟು ಕರೆದರೂ ಬರಲಿಲ್ಲ. ಅಂದುಕೊಂಡದ್ದಕ್ಕೇ ಅಲ್ಲವೇ ಹೇಳಿದ್ದು, ಅಂತಿದ್ದ.

ನಾವಿದ್ದ ಇಂಗೋಲ್‌ಸ್ಟಾಟ್ ಅಂದರೆ ಒಂದು ಕಾರಿನ ಕಾರ್ಖಾನೆ, ಅದರ ಸುತ್ತ ಒಂದು ಊರು. ನಮ್ಮದು ಆ ದೊಡ್ಡ ಕಂಪೆನಿಯಲ್ಲ. ಊರಾಚೆ ಎರಡು ಮಹಡಿಯಲ್ಲಿ ನಡೆಯುವ ಸಣ್ಣದೊಂದು ಸಾಫ್ಟ್‌ವೇರ್ ಕಂಪೆನಿ. ಕಾರು ರಿವರ್ಸ್ ತೆಗೆಯುವಾಗ ಕುಂಯ್ ಕುಂಯ್ ಅನ್ನುತ್ತದಲ್ಲ, ಅದು ಕೂಗಬೇಕಾದಲ್ಲಿ ಕೂಗುತ್ತದೋ ಇಲ್ಲವೋ ಅಂತ ನೋಡುವುದು ನಮ್ಮಿಬ್ಬರ ಕೆಲಸ. ಓದಿದ ಹೊರದೇಶದವರಿಗೆ ಕೆಲಸಕ್ಕೆಂದು ಕೊಡುವ ಬ್ಲೂ ಕಾರ್ಡ್ ವೀಸಾ ಆಗಷ್ಟೇ ಶುರುವಾಗಿದ್ದ ಕಾಲ. ನಾವಿಬ್ಬರೂ ಅದರ ಮೇಲೆಯೇ ಬಂದವರು, ಇಬ್ಬರದೂ ಬೆಫ್ರಿಸ್ಟೆಟ್, ಅಂದರೆ ಎರಡು ವರ್ಷಕ್ಕೆ ತನ್ನಷ್ಟಕ್ಕೆ ಮುಗಿದುಹೋಗುವ ಕರಾರು. ಅವನು ನನಗಿಂತ ಐದು ತಿಂಗಳು ಮೊದಲು ಸೇರಿದವ, ವಯಸ್ಸಿನಲ್ಲಿ ಆರು ವರ್ಷ ದೊಡ್ಡವ.

ಕೆಲಸದಲ್ಲಿ ಅವನದು ಒಂದು ಕ್ರಮ ಇತ್ತು. ನಿಯಮದ ಪ್ರಕಾರ ಕಾರಿನ ಹಿಂದೆ ಇಂತಿಷ್ಟೇ ಎತ್ತರದ ಕಂಬ ನಿಲ್ಲಿಸಿ ಪರೀಕ್ಷೆ ಮಾಡಿದರೆ ಸಾಕು. ಅವನು ಅದನ್ನು ಮುಗಿಸಿ, ರಿಪೋರ್ಟ್ ಬರೆದು, ಆಮೇಲೆ ತನ್ನದೊಂದು ಕೋಲು ತರುತ್ತಿದ್ದ. ಊರಿನಲ್ಲಿದ್ದ ಮಗಳ ಎತ್ತರಕ್ಕೆ ಕೊಯ್ದ ಕೋಲು. ಅದನ್ನು ಬೇರೆ ಬೇರೆ ಮೂಲೆಯಲ್ಲಿ ನಿಲ್ಲಿಸಿ ಮತ್ತೆ ಎಲ್ಲಾ ಮೊದಲಿಂದ. ಮೂರು ತಿಂಗಳಿಗೊಮ್ಮೆ ಹೆಂಡತಿಗೆ ಫೋನ್ ಮಾಡಿ ಮಗಳನ್ನು ಗೋಡೆಗೆ ನಿಲ್ಲಿಸಿ ಅಳೆಯಲಿಕ್ಕೆ ಹೇಳುತ್ತಿದ್ದ, ಹೊಸ ಕೋಲು ಕೊಯ್ಯುತ್ತಿದ್ದ. ಇದನ್ನು ಯಾರೂ ಕೇಳಿರಲಿಲ್ಲ, ಯಾವ ರಿಪೋರ್ಟಿನಲ್ಲೂ ಬರುವಂಥದ್ದಲ್ಲ. ಎಂಥ ಹುಚ್ಚಪ್ಪ ಇವನು ಅಂತ ಮೊದಮೊದಲು ಅನಿಸಿತು. ಆ ಕೋಲಿನಿಂದಲೇ ಎರಡು ದೊಡ್ಡ ದೋಷ ಸಿಕ್ಕ ಮೇಲೆ ಬಾಯಿ ಮುಚ್ಚಿಕೊಂಡೆ. ಕೆಲಸದಲ್ಲಿ ಅವನು ನನಗಿಂತ ಮೇಲು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ.

ನಾನು ಮೂರನೇ ಮಹಡಿಯ ಮನೆಗೆ ಹೋದಾಗ ವಾಷಿಂಗ್ ಮಷಿನನ್ನು ಬೆನ್ನ ಮೇಲೆ ಹೊತ್ತು ತಂದವನು ಅವನು. ಲಿಫ್ಟ್ ಇರಲಿಲ್ಲ. ಊರಿನಿಂದ ತಂದಿದ್ದ ಗೋಡಂಬಿ ಪ್ಯಾಕೆಟ್ ನನ್ನ ಹೆಂಡತಿ ಕೊಡಹೋದರೆ ಬೇಡವೇ ಬೇಡ ಅಂದ. ಅವಳು ಕೈಯಲ್ಲಿ ತುರುಕಿದಳು, ಅವನು ಮೇಜಿನ ಮೇಲಿಟ್ಟ. ಅವಳು ಚೀಲಕ್ಕೆ ಹಾಕಿದಳು, ಅವನು ತೆಗೆದ. ನಾಲ್ಕನೇ ಸಲಕ್ಕೆ ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆಬಾಗಿ ತಗೊಂಡ. ಅವನು ಇಳಿದು ಹೋದ ಮೇಲೆ ಇವಳಿಗೆ ಪರಮ ಸಂತೋಷ. “ಇವ ನಮ್ಮ ಕಡೆಯವನೇ ಆಯ್ತಲ್ಲ ಮಾರಾಯ್ರೆ” ಅಂದಳು.

ಅವಳ ಸಂತೋಷಕ್ಕೆ ಕಾರಣ ಇತ್ತು. ಅದೇ ವಾರ ಎದುರುಮನೆಯ ಜರ್ಮನ್ ಅಜ್ಜಿ ಪ್ಲಮ್ ಕೇಕ್ ಹಿಡಿದುಕೊಂಡು ಬಂದಿದ್ದರು. ತಗೊಳ್ತೀಯಾ ಅಂತ ಕೇಳಿದರು. ಇವಳು ದಾಕ್ಷಿಣ್ಯಕ್ಕೆ ಬೇಡ, ಯಾಕೆ ಸುಮ್ಮನೆ ತೊಂದರೆ ಅಂದಳು. ಸರಿ ಅಂತ ಅಜ್ಜಿ ತಟ್ಟೆ ಸಮೇತ ವಾಪಸ್ ಹೋದರು. ಇವಳು ಬಾಗಿಲಲ್ಲಿ ನಿಂತವಳು ನಿಂತ ಹಾಗೇ. “ದಾಕ್ಷಿಣ್ಯಕ್ಕೆ ಬಸಿರಾದರೆ ಹೆರ್ಲಿಕ್ಕೆ ಜಾಗ ಇಲ್ಲ ಅಂತಾರಲ್ಲ, ಹಾಗಾಯ್ತು ನನ್ನ ಅವಸ್ಥೆ” ಅಂತ ಎರಡು ದಿನ ಹೇಳಿಕೊಂಡು ನಕ್ಕಳು. ಅವನಿಗೂ ಹೇಳಿದೆವು. ಅವನು ನಗಲಿಲ್ಲ. ತಾನು ಇಲ್ಲಿಗೆ ಬಂದ ಹೊಸತರಲ್ಲಿ ಒಬ್ಬರ ಮನೆಯ ಊಟಕ್ಕೆ ಹೋಗಿ, ಇನ್ನೂ ಸ್ವಲ್ಪ ಬೇಕಾ ಅಂದಾಗ ಬೇಡ ಅಂದು, ಹಸಿದುಕೊಂಡೇ ಬಸ್ಸು ಹತ್ತಿದ್ದನ್ನು ಗಂಭೀರವಾಗಿ ವಿವರಿಸಿದ. ಈಗ ಕೇಕ್ ಅಂದರೆ ಮೊದಲ ಸಲಕ್ಕೇ ಹೂಂ ಅಂತೇನೆ, ಕಲಿತೆ, ಅಂದ.

ಅವನ ಗಂಟಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಭಾನುವಾರ ಅಮ್ಮನಿಗೆ ಫೋನ್ ಮಾಡಿದರೆ ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಒಮ್ಮೆ ಕೆಳಗಿನ ಮನೆಯವರು ಜಗಳ ಬಿಡಿಸಲಿಕ್ಕೆ ಮೇಲೆ ಬಂದರು. ಅವನು ಅಮ್ಮನಿಗೆ ಊಟ ಆಯಿತಾ ಅಂತ ಕೇಳುತ್ತಿದ್ದನಷ್ಟೆ. ನಾನು ಅಲ್ಲೇ ಕೂತಿದ್ದೆ. ಕಿಟಕಿಯಾಚೆ ಮೊಣಕಾಲುದ್ದ ಹಿಮ. ಇವನು ಇಲ್ಲಿ ಚಳಿಯೇ ಇಲ್ಲ ಅನ್ನುತ್ತಿದ್ದಾನಂತೆ. ದೂರ ಹೋದ ಗಂಡುಮಗ ಮನೆಗೆ ಒಳ್ಳೆಯದನ್ನು ಮಾತ್ರ ಹೇಳಬೇಕು, ಕೆಟ್ಟದ್ದನ್ನು ತಾನೇ ನುಂಗಬೇಕು, ಅದು ಅವರ ಊರಿನ ಕಟ್ಟಳೆ. ಅದರಿಂದ ಒಂದು ತೊಂದರೆ ಆಯಿತು. ಮಗ ಅಲ್ಲಿ ಖಾಯಂ ಆಗಿದ್ದಾನೆ ಅಂತಲೇ ಅಪ್ಪ ಅಮ್ಮ ತಿಳಿದುಕೊಂಡಿದ್ದರು.

ಖಾಯಂ ಅಲ್ಲ ಅಂತ ಗೊತ್ತಿದ್ದದ್ದು ಹೆಂಡತಿಗೆ ಮತ್ತು ಮಾವನಿಗೆ. ಹೆಂಡತಿ ಸರಕಾರಿ ಶಾಲೆಯಲ್ಲಿ ಟೀಚರ್. ಶಾನ್‌ಡಾಂಗಿನಲ್ಲಿ ಸರಕಾರಿ ಕೆಲಸ ಅಂದರೆ ನಮ್ಮಲ್ಲಿಗಿಂತ ಒಂದು ತೂಕ ಹೆಚ್ಚು. ಬಿಟ್ಟರೆ ಮತ್ತೆ ಸಿಗುವುದಿಲ್ಲ. ಅಳಿಯ ಪರ್ಮನೆಂಟ್ ಕರಾರು ತೋರಿಸಿದ ದಿನ ಮಗಳು ರಾಜೀನಾಮೆ ಕೊಡುತ್ತಾಳೆ, ಮೊಮ್ಮಗಳ ಜೊತೆ ವಿಮಾನ ಹತ್ತುತ್ತಾಳೆ, ಅಲ್ಲಿವರೆಗೆ ಮಾತೇ ಬೇಡ. ಇದು ಮಾವ ಹೇಳಿದ್ದು. ಅದರಲ್ಲಿ ತಪ್ಪೂ ಇರಲಿಲ್ಲ. ಮಗಳನ್ನು ಬಿಟ್ಟು ಬಂದಾಗ ಅದಕ್ಕೆ ನಾಲ್ಕು ವರ್ಷ. ಇವನು ಮೂರು ಕೋಣೆಯ ಮನೆಗಳ ಜಾಹೀರಾತು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ. ಶಾಲೆಗೆ ನಡೆದುಹೋಗುವಷ್ಟು ಹತ್ತಿರದವು ಮಾತ್ರ.

ಅವರ ಹೊಸವರ್ಷಕ್ಕೆ ನಮ್ಮನ್ನು ಊಟಕ್ಕೆ ಕರೆದ. ಮ್ಯೂನಿಕ್‌ನಿಂದ ಅವನ ಕಡೆಯವರು ಮೂವರು ಬಂದಿದ್ದರು. ಅವರಲ್ಲಿ ಒಬ್ಬರಿಗೆ ಅರವತ್ತು ದಾಟಿತ್ತು, ತುಂಬ ವರ್ಷದಿಂದ ಹೋಟೆಲ್ ಅಡುಗೆ ಮಾಡಿಕೊಂಡಿದ್ದವರು. ನಾವು ಒಳಗೆ ಕಾಲಿಡುವಾಗ ಅಲ್ಲಿ ಕುಸ್ತಿ ನಡೆಯುತ್ತಿತ್ತು. ಆ ಹಿರಿಯರು ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಒಬ್ಬ ಅವರ ಸೊಂಟ ಹಿಡಿದು ಎಳೆಯುತ್ತಿದ್ದಾನೆ, ಇನ್ನೊಬ್ಬ ಕೈ ಬಿಡಿಸುತ್ತಿದ್ದಾನೆ, ಎಲ್ಲರದೂ ಬೊಬ್ಬೆ. ನನ್ನ ಹೆಂಡತಿ ನನ್ನ ಹಿಂದೆ ಸರಿದಳು. ವಿಷಯ ಇಷ್ಟೇ. ಬಾಗಿಲಿಗೆ ಎದುರಾಗಿ ಮನೆಯ ಯಜಮಾನ ಕೂರಬೇಕು, ಅವನ ಬಲಕ್ಕೆ ಮುಖ್ಯ ಅತಿಥಿ. ಆ ಬಲಗಡೆಯ ಕುರ್ಚಿ ನನಗೆ ಬೇಡ, ನಾನು ಯೋಗ್ಯನಲ್ಲ ಅಂತ ಹಿರಿಯರು ಹೇಳುತ್ತಿದ್ದರು.

ನಾನು ಮಧ್ಯೆ ಹೋಗಿ, ಪಾಪ, ಅವರಿಗೆ ಬೇಡವಾದರೆ ಬಿಡು, ಬೇರೆ ಕಡೆ ಕೂರಲಿ ಅಂದೆ. ಅವನು ಗಾಬರಿಯಾದ. ನನ್ನನ್ನು ಅಡುಗೆಮನೆಗೆ ಕರಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದ.

“ಬೇಡ ಅನ್ನುವುದು ಅವರ ಕೆಲಸ. ಬಿಡದೆ ಎಳೆಯುವುದು ನಮ್ಮ ಕೆಲಸ. ನಾವು ಬಿಟ್ಟರೆ ಅವರು ನಿಜವಾಗಿಯೂ ಕೆಳಗೆ ಕೂರಬೇಕಾಗ್ತದೆ. ಅದಕ್ಕಿಂತ ಅವಮಾನ ಇಲ್ಲ. ಬಾ, ನೀನೂ ಎಳೆ.”

ನಾನೂ ಹೋಗಿ ಎಡಗೈ ಹಿಡಿದು ಎಳೆದೆ. ನಾಲ್ಕು ಜನ ಸೇರಿ ಕೂರಿಸಿದೆವು. ಕೂತ ಕೂಡಲೇ ಹಿರಿಯರ ಮುಖ ಶಾಂತವಾಯಿತು, ಆ ಕುರ್ಚಿಯಲ್ಲೇ ಹುಟ್ಟಿದವರ ಹಾಗೆ ಮೀನಿಗೆ ಚಾಪ್‌ಸ್ಟಿಕ್ ಹಾಕಿದರು. ಆಮೇಲೆ ಗ್ಲಾಸು ತಾಗಿಸುವ ಇನ್ನೊಂದು ಆಟ. ಎದುರಿನವನ ಗ್ಲಾಸಿಗಿಂತ ನಮ್ಮದು ಸ್ವಲ್ಪ ಕೆಳಗಿರಬೇಕು, ಅದು ಮರ್ಯಾದೆ. ಇಬ್ಬರೂ ಮರ್ಯಾದಸ್ಥರಾದರೆ ಎರಡೂ ಗ್ಲಾಸು ಇಳಿಯುತ್ತಾ ಇಳಿಯುತ್ತಾ ಮೇಜಿಗೇ ಮುಟ್ಟುತ್ತವೆ. ನಾನು ಕುಡಿಯುವವನಲ್ಲ. ನನಗೆ ಬಿಸಿನೀರು ಕೊಟ್ಟು ಅದಕ್ಕೂ ಅಷ್ಟೇ ಶಾಸ್ತ್ರ ಮಾಡಿಸಿದ. ಊರಿನಲ್ಲಾದರೆ ಈ ಪಂಕ್ತಿಯಲ್ಲಿ ಹೆಂಗಸರು ಕೂರುವ ಹಾಗಿಲ್ಲ ಅಂತ ಅವನು ಬಾಯಿತಪ್ಪಿ ಹೇಳಿದ್ದಕ್ಕೆ ಮಾತ್ರ ನನ್ನವಳು ಸರಿಯಾಗಿ ಉತ್ತರ ಕೊಟ್ಟಳು. ನಮ್ಮಲ್ಲೂ ಹಾಗೇ ಇತ್ತು, ಹೆಂಗಸರು ಬಡಿಸುವುದು ಬಿಟ್ಟ ಮೇಲೆ ತನ್ನಷ್ಟಕ್ಕೆ ಸರಿಯಾಯಿತು, ಅಂದಳು. ಅವನು ಅದನ್ನು ಉಳಿದವರಿಗೆ ಅನುವಾದ ಮಾಡಲಿಲ್ಲ.

ಇದಾಗಿ ಎರಡು ತಿಂಗಳಿಗೆ ಬಾಸ್ ನಮ್ಮಿಬ್ಬರನ್ನೂ ರೂಮಿಗೆ ಕರೆದರು. ಒಂದು ಪೋಸ್ಟ್ ಮಂಜೂರಾಗಿದೆ ಅಂದರು. ಟೆಸ್ಟಿಂಗ್ ಗುಂಪಿಗೆ ಲೀಡ್, ಪರ್ಮನೆಂಟ್ ಕರಾರು. ಒಂದೇ ಪೋಸ್ಟ್. ಇನ್ನೊಬ್ಬರ ಕರಾರು ಅವಧಿಗೆ ಮುಗಿಯುತ್ತದೆ, ಮುಂದುವರಿಸಲಿಕ್ಕೆ ತಮ್ಮಿಂದ ಆಗುವುದಿಲ್ಲ. ಸುತ್ತು ಬಳಸು ಇಲ್ಲದೆ ಇಷ್ಟನ್ನೂ ಹೇಳಿ ಅವನ ಕಡೆ ತಿರುಗಿದರು. ಅನುಭವ ಹೆಚ್ಚು ನಿಮಗೆ, ನನ್ನ ಮನಸ್ಸಿನಲ್ಲಿರುವುದೂ ನೀವೇ, ನಿಮಗೆ ಈ ಕೆಲಸ ಬೇಕಾ, ಅಂತ ಕೇಳಿದರು.

ಅವನ ಕಿವಿ ಕೆಂಪಾಯಿತು. ಕುರ್ಚಿಯಿಂದ ಅರ್ಧ ಎದ್ದ. ಎರಡೂ ಕೈ ಎದೆಯ ಮುಂದೆ ಆಡಿಸುತ್ತಾ, “ಇಲ್ಲ, ಇಲ್ಲ. ನನಗೆ ಅಷ್ಟು ಯೋಗ್ಯತೆ ಇಲ್ಲ. ನನಗಿಂತ ಒಳ್ಳೆಯವರು ಇದ್ದಾರೆ” ಅಂದ.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಕೇಕಿನ ವಿಷಯದಲ್ಲಿ ಅವನು ಕಲಿತಿದ್ದ. ಆದರೆ ಇಷ್ಟು ದೊಡ್ಡದನ್ನು ಯಾರೋ ಮುಂದೆ ಹಿಡಿದಾಗ ಅವನ ನಾಲಗೆ ಸೀದಾ ಶಾನ್‌ಡಾಂಗಿಗೆ ಹೋಯಿತು. ಮೊದಲ ಸಲಕ್ಕೇ ಕೈಯೊಡ್ಡುವವನನ್ನು ಅವನ ಊರಿನಲ್ಲಿ ಗಂಡಸು ಅನ್ನುವುದಿಲ್ಲ.

ಬಾಸ್ ಒಳ್ಳೆಯವರು. ಬೇಡ ಅಂದರೆ ಬೇಡ ಅಂತ ತಿಳಿಯುವ, ಕೇಳಿದ ಪ್ರಶ್ನೆಗೆ ಬಂದ ಉತ್ತರಕ್ಕೆ ಗೌರವ ಕೊಡುವ ಮನುಷ್ಯ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದರು. ಎದುರಿದ್ದ ಕಾಗದದಲ್ಲಿ ಏನೋ ಗೀಚಿಕೊಂಡು ನನ್ನ ಕಡೆ ತಿರುಗಿದರು. ಹಾಗಾದರೆ ನೀವು, ಅಂದರು.

ಅವನು ಇನ್ನೂ ಅರ್ಧ ಎದ್ದ ಹಾಗೇ ಇದ್ದ. ನನಗೆ ಎಲ್ಲವೂ ಗೊತ್ತಿತ್ತು. ಒಂದೇ ವಾಕ್ಯ ಸಾಕಾಗಿತ್ತು. ಇವನು ಮರ್ಯಾದೆಗೆ ಹಾಗಂದದ್ದು, ಇನ್ನೊಮ್ಮೆ ಕೇಳಿ. ಅಷ್ಟೇ. ಬಾಸ್ ನಕ್ಕು ಇನ್ನೊಮ್ಮೆ ಕೇಳುತ್ತಿದ್ದರು ಕೂಡ. ನಾನು ಉಡುಪಿಯವ, ಕಾಫಿ ಕುಡಿಯಲಿಕ್ಕೂ ಎರಡು ಸಲ ಬೇಡ ಅಂದು ಬೆಳೆದವ. ಆ ದಿನ ಒಂದೇ ಸಲಕ್ಕೆ ಹೂಂ ಅಂದೆ.

ನನ್ನ ಕೈ ಮೊದಲು ಕುಲುಕಿದವನು ಅವನೇ. ಮನಸಾರೆ ಕುಲುಕಿದ. ಸಂಜೆ ಬೇಕರಿಗೆ ಕರಕೊಂಡು ಹೋಗಿ ಕಾಫಿ ಕೊಡಿಸಿದ.

ಮನೆಯಲ್ಲಿ ನನ್ನವಳು ಸುದ್ದಿ ಕೇಳಿದ್ದೇ ತಡ ಶಾವಿಗೆ ಪಾಯಸಕ್ಕೆ ಹಾಲಿಟ್ಟಳು. ಸೌಟು ತಿರುಗಿಸುತ್ತಾ, ಅವರು ಸೀನಿಯರ್ ಅಲ್ವಾ, ಅವರಿಗೆ ಯಾಕೆ ಕೊಡಲಿಲ್ಲ ಅಂತ ಕೇಳಿದಳು. ಕೊಟ್ಟರು, ಅವನೇ ಬೇಡ ಅಂದ, ಅಂದೆ.

ಅವಳ ಸೌಟು ನಿಂತಿತು. “ಎಷ್ಟು ಸಲ ಬೇಡ ಅಂದ್ರು?”

ನಾನು ಬಟ್ಟೆ ಬದಲಾಯಿಸಲಿಕ್ಕೆ ಒಳಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ಪಾಯಸ ಮಾಡಿದಳು, ಬಡಿಸಿದಳು, ತಾನು ತಿನ್ನಲಿಲ್ಲ.

ಆಮೇಲೆ ಅವನಿಗೆ ಉಳಿದದ್ದು ಆರೇ ತಿಂಗಳು. ಬಾಸಿನ ಹತ್ತಿರ ಹೋಗಿ, ನನಗೆ ಬೇಕಿತ್ತು, ಬಾಯಿಮಾತಿಗೆ ಹಾಗಂದೆ ಅಂತ ಹೇಳಬಹುದಿತ್ತಲ್ಲ ಅಂತ ನಿಮಗೆ ಅನಿಸಬಹುದು. ಆಡಿದ ಮಾತು ಹಿಂದೆ ತೆಗೆದುಕೊಳ್ಳುವವನಲ್ಲ ಅವನು. ಹಟ ಅಂತ ಮೊದಲೇ ಹೇಳಿದೆನಲ್ಲ. ಬೇರೆ ಕಡೆ ಅರ್ಜಿ ಹಾಕಿದ. ಲೀಡ್ ಆದ ನಾನು ಅವನಿಗೆ ಒಳ್ಳೆಯ ಸರ್ಟಿಫಿಕೇಟ್ ಬರೆಸಿಕೊಟ್ಟೆ, ಇಂಟರ್‌ವ್ಯೂಗೆ ತಯಾರಿ ಮಾಡಿಸಿದೆ. ಗೊತ್ತಿದೆ ಅಂತ ಹೇಳು ಮಾರಾಯ, ಎಲ್ಲಾ ಗೊತ್ತಿದೆ ಅಂತ ಎದೆ ತಟ್ಟಿ ಹೇಳು ಅಂತ ಉರು ಹೊಡೆಸಿದೆ. ಅಲ್ಲಿ ಹೋಗಿ, ಈ ಕೆಲಸ ಎಷ್ಟು ಬರ್ತದೆ ಅಂತ ಕೇಳಿದರೆ, ಸ್ವಲ್ಪ ಬರ್ತದೆ ಅಂದು ಬಂದ. ಮೂರು ಕಡೆ ಹೀಗೇ. ನನ್ನ ಮೇಲೆ ಅವನಿಗೆ ಸಿಟ್ಟಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಕೆಲಸದಲ್ಲಿ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಮೀಟಿಂಗಿನಲ್ಲಿ ನಾನು ಕೂರುವವರೆಗೆ ತಾನು ಕೂರುತ್ತಿರಲಿಲ್ಲ. ನನಗೆ ಬೈದಿದ್ದರೆ ಎಷ್ಟೋ ಹಗುರ ಇತ್ತು.

ಅವನು ಹೊರಟದ್ದು ಒಂದು ಶನಿವಾರ ಬೆಳಿಗ್ಗೆ. ಮನೆ ಖಾಲಿ ಮಾಡಿ ಬೀಗದಕೈ ಒಪ್ಪಿಸಲಿಕ್ಕೆ ಸಹಾಯಕ್ಕೆಂದು ನಾನು ಹೋದೆ. ಗೋಡೆಗೆ ಬಿಳಿ ಬಳಿದು, ನೆಲ ಒರೆಸಿ ಇಟ್ಟಿದ್ದ. ಹೊರಡುವವರಿಗೆ ಮನೆಯವರು ಕಡುಬಿನ ಹಾಗಿನ ಡಂಪ್ಲಿಂಗ್ ಮಾಡಿ ಬಡಿಸಿ ಕಳಿಸುವುದು ಅವರ ಕಡೆಯ ಪದ್ಧತಿ. ಮಾಡಿ ಬಡಿಸುವವರು ಇರಲಿಲ್ಲವಲ್ಲ, ತಾನೇ ಮಾಡಿಕೊಂಡಿದ್ದ. ನೆಲದ ಮೇಲೆ ಪೇಪರ್ ಹಾಸಿ ಇಬ್ಬರೂ ಕೂತು ತಿಂದೆವು. ಮಗಳಿಗೆ ಜರ್ಮನ್ ಅಕ್ಷರದ ಪುಸ್ತಕ ತೆಗೆದಿಟ್ಟಿದ್ದನಂತೆ, ಅದನ್ನೂ ಪೆಟ್ಟಿಗೆಗೆ ಹಾಕಿದ್ದೇನೆ, ಚಿತ್ರ ನೋಡಬಹುದಲ್ಲ, ಅಂದ. ಅಪ್ಪ ಅಮ್ಮನಿಗೆ ಏನು ಹೇಳಿದೆ ಅಂತ ಕೇಳಿದೆ. ಚೀನಾದಲ್ಲೇ ಒಂದು ಕಂಪೆನಿಯವರು ದೊಡ್ಡ ಕೆಲಸಕ್ಕೆ ಕರೆದಿದ್ದಾರೆ ಅಂತ ಹೇಳಿದ್ದನಂತೆ. ಹಾಗೆ ಯಾರೂ ಕರೆದಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಆರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕಕ್ಕಿದೆ. ಆ ದಿನ ಬಾಸಿಗೆ ನಾನು ಹೇಳಬೇಕಿತ್ತು, ಇನ್ನೊಮ್ಮೆ ಕೇಳಿ ಅನ್ನಬೇಕಿತ್ತು, ನನಗೂ ಆ ಕೆಲಸದ ಆಸೆ ಇತ್ತು, ತಪ್ಪಾಯಿತು ಅಂದೆ. ಬಾಸಿಗಾದರೂ ಒಂದು ಮಾತು ತಿಳಿಯಬಾರದಿತ್ತಾ, ಒಂದೂವರೆ ವರ್ಷ ನಿನ್ನ ಜೊತೆ ಕೆಲಸ ಮಾಡಿದವರು, ಅಂತಲೂ ಸೇರಿಸಿದೆ. ತಪ್ಪನ್ನು ಹಂಚಿಕೊಳ್ಳಲಿಕ್ಕೆ ಒಬ್ಬರು ಬೇಕಿತ್ತು ನನಗೆ.

ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. ಟೆಸ್ಟಿನ ಫಲಿತಾಂಶ ಹೇಳುವಾಗ ಅವನದೊಂದು ದನಿ ಇತ್ತು. ಏರಿಳಿತ ಇಲ್ಲದ್ದು, ಸಿಟ್ಟಿಲ್ಲದ್ದು. ಅದೇ ದನಿಯಲ್ಲಿ ಹೇಳಿದ.

“ನೀನು ಹೂಂ ಅಂದಾಗ ನನಗೆ ಮೊದಲು ಬೇಜಾರೂ ಆಗಲಿಲ್ಲ. ಇವನಿಗೆ ನಮ್ಮ ಪದ್ಧತಿ ಅರ್ಥವಾಗಿಲ್ಲ, ನಾನು ನಿಜವಾಗಿಯೂ ಬೇಡ ಅಂದೆ ಅಂತ ತಿಳಿದುಕೊಂಡಿದ್ದಾನೆ ಅಂದ್ಕೊಂಡೆ. ಅರ್ಥವಾಗದವನು ಪಕ್ಕದಲ್ಲಿದ್ದವನ ಕಡೆ ತಿರುಗಿ, ಯಾಕೆ ಬೇಡ ಅಂದೆ ಅಂತ ಕೇಳ್ತಾನೆ. ನೀನು ತಿರುಗಲಿಲ್ಲ. ಬಾಸಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.”

ಆಮೇಲೆ ಎದ್ದು ತಟ್ಟೆಗಳನ್ನು ತೊಳೆದ, ಒರೆಸಿದ, ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಮನೆಗೆ ತಗೊಂಡು ಹೋಗು, ಹೊಸತೇ ಇವೆ ಅಂದ. ಸ್ಟೇಷನ್ನಿಗೆ ಬರುವುದು ಬೇಡ ಅಂದ. ಅದನ್ನು ಒಂದೇ ಸಲ ಹೇಳಿದ್ದು. ಅವನ ಮುಖ ನೋಡಿದೆ; ಎಳೆಯಲಿ ಅಂತ ಹೇಳಿದ ಬೇಡ ಅಲ್ಲ ಅದು. ನಾನು ಹೋಗಲಿಲ್ಲ.